ಕಲ್ಲು ಕುಡಿದ ನೀರು

ಕೆ.ಆರ್. ಪುರಂನಲ್ಲಿ ರೈಲಿಳಿದಾಗ ಕಣ್ಣಲ್ಲಿನ್ನೂ ನಿದ್ದೆಯಿತ್ತು. ಬೆಂಚಿನ ಮೇಲೆ ಕೂತು, ಬೆಟ್ಟದಿಂದ ತಂದ ಪುಟ್ಟ ಗಿಡದ ಪೊಟ್ಟಣ ಬಿಚ್ಚಿದೆ. ಆ ಬೆಟ್ಟದಲ್ಲಿ ಮಣ್ಣು ಗೇಣುದ್ದವೂ ಆಳವಿರಲಿಲ್ಲ. ಕೆಳಗೆಲ್ಲ ಹಾಳೆಹಾಳೆಯಾಗಿ ಏಳುವ ಕಲ್ಲು. ಬೇರಿಗಂಟಿದ್ದ ಅದರ ಚೂರನ್ನು ಕಿತ್ತೆಸೆಯಲು ಹೊರಟಾಗ, ಅದೇ ರೈಲಿನಲ್ಲಿ ಬಂದು ಪಕ್ಕದಲ್ಲಿ ಕೂತಿದ್ದ ಯಾದಗಿರಿಯ ಹೆಂಗಸು ತಡೆದಳು. ಬೇರಿನ ಚಿಟಿಕೆ ಮಣ್ಣಿಗೆ ನೀರು ಹನಿಸಿ ಬೆರಳಲ್ಲಿ ತಿಕ್ಕಿದಳು.

“ನಮ್ಮ ಕರಿ ಎರಿ ಮಣ್ಣಿನಂಗ ಅಂಟಂಗಿಲ್ರೀ ಇದು. ನೀರು ಹಿಡಿಯೂದು ಈ ಕಲ್ಲ. ಕೀಳಬ್ಯಾಡ್ರಿ.”

ಬಾಟಲಿಯಿಂದ ಕಲ್ಲಿನ ಮೇಲೆ ನೀರು ಸುರಿದಳು. ಅದು ಪದರಗಳ ನಡುವೆ ಇಳಿದು ಮಾಯವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಬೆಟ್ಟದ ಬೆಳಗಿನ ವಾಸನೆ ಎದ್ದಿತು.

“ನಿಮ್ಮೂರ ಮಣ್ಣು ಒಂಚೂರು ತಂದಿಲ್ವಾ ಅಕ್ಕಾ?”

“ಎಲ್ಲಿ ಹಾಕೂದ್ರೀ? ಮಹದೇವಪುರದಾಗ ಮೂರನೇ ಮಾಳಿಗಿ ಮ್ಯಾಲ ಬಾಡಿಗಿ ಖೋಲಿ.”

ಅವಳು ಬೆರಳು ಒರೆಸಿಕೊಳ್ಳಲಿಲ್ಲ. ಮೂಗಿನ ಹತ್ತಿರ ಹಿಡಿದೇ ಕೂತಳು.