ಹಿಂದಿನ ಸೀಟಿನ ಹಿಟ್ಟು

ತೊಂಬತ್ತೇಳರ ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಶಾಮಸುಂದರ ತನ್ನ ಕಾರಿನ ಹಿಂಬಾಗಿಲು ತೆಗೆದವನೇ "ಸಾರಿ ಮೇಡಂ" ಎಂದು ಪಟ್ಟನೆ ಮುಚ್ಚಿದ. ಎ.ಸಿ. ಕಟ್ಟಡದಿಂದ ಹೊರಗೆ ಕಾಲಿಟ್ಟಿದ್ದೇ ತಡ, ಅಬುಧಾಬಿಯ ಸೆಕೆ ಅವನ ಕನ್ನಡಕಕ್ಕೆ ಹಬೆ ಬಳಿದಿತ್ತು. ಆ ಮಬ್ಬಿನಲ್ಲಿ ಕಂಡದ್ದು ಬಿಳಿ ಬಟ್ಟೆ ಹೊದ್ದು, ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತಿದ್ದ ಒಬ್ಬ ದಪ್ಪನೆಯ ಹೆಂಗಸು.

"ಹಿಟ್ಟಿನ ಪಾತ್ರೆ ಮಾರಾಯ್ರೆ ಅದು," ಎಂದರು ಬೆನ್ನ ಹಿಂದಿದ್ದ ಮೆಟಿಲ್ಡಾ. "ಸಾರಿ ಎಲ್ಲ ಬೇಡ ಅದಕ್ಕೆ. ಬಿಸಿಲು ಸಾಕು."

ಟೂರಿಸ್ಟ್ ಕ್ಲಬ್ ಏರಿಯಾದ ತಮ್ಮ ಫ್ಲಾಟಿನಲ್ಲಿ ಮೈಸೂರಿನ ಈ ಅಕೌಂಟೆಂಟನಿಗೊಂದು ರೂಮು ಬಾಡಿಗೆಗೆ ಕೊಟ್ಟವರು ಮೆಟಿಲ್ಡಾ. ಕರಾವಳಿಯ ಶಿರ್ವದಿಂದ ಬಂದು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ತಲೆ ನರೆಸಿಕೊಂಡವರು. ಊರೆಲ್ಲ ಸೆಕೆಯನ್ನು ಬೈಯುತ್ತಿದ್ದರೆ ಇವರು ಅದನ್ನು ಕೆಲಸಕ್ಕೆ ಹಚ್ಚುತ್ತಿದ್ದರು. ಹಪ್ಪಳ, ಸಿಗಡಿ ಎಲ್ಲ ಬಾಲ್ಕನಿಯಲ್ಲೇ ಒಣಗಬೇಕು. ಮೇ ಬಂತೆಂದರೆ ಗೀಸರಿಗೆ ರಜೆ. ತಾರಸಿಯ ಟ್ಯಾಂಕೇ ನೀರು ಕುದಿಸಿ ಕಳಿಸುತ್ತಿತ್ತು. ತಣ್ಣೀರು ಬೇಕಾದವರು, ಮನೆಯೊಳಗಿನ ತಂಪಿಗೆ ನೀರು ಆರಿಸಿಟ್ಟ ಗೀಸರಿನ ನಲ್ಲಿ ತಿರುಗಿಸಬೇಕು.

ಆ ಸಂಜೆ ಮಗಳು ಸ್ಟೇಸಿಯ ನಿಶ್ಚಿತಾರ್ಥ. "ಗಲ್ಫಿನ ಸಾನ್ನ ಉಬ್ಬುವುದಿಲ್ಲ ಬಾಯೇ, ಹೋಟೆಲಿಗೆ ಹೇಳಿಬಿಡಿ," ಎಂದು ಹುಡುಗನ ತಾಯಿ ಬೆಟ್ಟಿ ಫೋನಿನಲ್ಲೇ ಚುಚ್ಚಿದ್ದರು. ಸಾನ್ನವೆಂದರೆ ಇಡ್ಲಿಯ ಕ್ರಿಸ್ತುವ ತಂಗಿ. ಅದು ಚಪ್ಪಟೆಯಾದರೆ ಬೀಗಿತ್ತಿಯ ಎದುರು ಮೆಟಿಲ್ಡಾ ಆಯುಷ್ಯವಿಡೀ ಚಪ್ಪಟೆ. ಎ.ಸಿ. ಮನೆಯೊಳಗೆ ಹಿಟ್ಟು ಹುಳಿ ಬರುವುದಿಲ್ಲ. ಅದಕ್ಕೇ ಬೆಳಗಾಗುತ್ತಲೇ ಬಾಡಿಗೆದಾರನ ಕೀ ಎತ್ತಿಕೊಂಡು ಹೋಗಿ ಈ ಕಾರಿನಲ್ಲಿ ಕೂರಿಸಿದ್ದರು.

ಮೆಟಿಲ್ಡಾ ಮೇಲೆ ಹೋದರು. ಶಾಮಸುಂದರನಿಗೆ ಮನಸ್ಸು ತಡೆಯಲಿಲ್ಲ. ಪಾಪ, ಈ ಬಿಸಿಲಿನಲ್ಲಿ ಹಿಟ್ಟು ಕೆಟ್ಟರೆ? ಯಾರೂ ಕೇಳದ ಉಪಕಾರ ಮಾಡುವುದರಲ್ಲಿ ಅವನು ಎತ್ತಿದ ಕೈ. ಪಕ್ಕದ ಕಟ್ಟಡದ ತಂಪಾದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಸಮಾಧಾನದಿಂದ ಪೇಪರ್ ಓದಿದ.

ಮಧ್ಯಾಹ್ನ ಹುಡುಕಿಕೊಂಡು ಬಂದ ಮೆಟಿಲ್ಡಾ ಬಟ್ಟೆ ಸರಿಸಿ ನೋಡಿದರೆ ಹಿಟ್ಟು ಇಟ್ಟ ಹಾಗೇ ಮಲಗಿತ್ತು.

"ನೆರಳು ಸಿಕ್ಕಿತು ಅಂತ, ಅಕ್ಕಾ..."

"ನಾನು ನೆರಳು ಕೇಳಿದೆನಾ ನಿಮ್ಮತ್ರ? ಯಲ್ಲಾ, ಬೇಗ ಬೇಗ, ಬಿಸಿಲಿಗೆ ತೆಗೀರಿ." ಮೆಟಿಲ್ಡಾರ ಧ್ವನಿಯಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. "ಈಗಿನ ಬಿಸಿಲಿಗೆ ಹಾಗೇ ಬಿಟ್ಟರೆ ಬೆಂದೇ ಹೋಗ್ತದೆ. ನೀವೂ ಒಳಗೆ ಕೂತ್ಕೊಳ್ಳಿ. ಜೀವ ಹೋಗ್ತದೆ ಅನಿಸಿದಾಗ ಗ್ಲಾಸ್ ಇಳಿಸಿ, ಬಂತು ಅನಿಸಿದಾಗ ಏರಿಸಿ. ನಿಮಗೆ ತಡೆದದ್ದು ಹಿಟ್ಟಿಗೂ ತಡೀತದೆ."

"ನನಗೇನಾದರೂ ಆದರೆ?"

"ಹಿಟ್ಟು ಉಕ್ಕಿದರೆ ಕರೀರಿ."

ಕಾಲೇಜಿನಲ್ಲಿ ಚಿನ್ನದ ಪದಕ ಗೆದ್ದಿದ್ದ ಶಾಮಸುಂದರ ಗ್ಲಾಸ್ ಇಳಿಸಿದ, ಏರಿಸಿದ, ಬನಿಯನ್ ಹಿಂಡಿದ. ಮೂರು ಗಂಟೆಯ ಹೊತ್ತಿಗೆ ಪಾತ್ರೆಯ ಮೇಲಿನ ಬಟ್ಟೆ ದಿಂಬಿನಂತೆ ಎದ್ದಿತು. ಅವನು ಮಾತ್ರ ಬಿದ್ದಿದ್ದ.

ಸಂಜೆ ಬೆಟ್ಟಿ ಒಂದು ಸಾನ್ನ ಮುರಿದರು, ಒತ್ತಿ ನೋಡಿದರು. ಮೂರನೆಯದಕ್ಕೆ ಕೈಹಾಕಿದರು. ಆಮೇಲೆ ತಡೆಯಲಾರದೆ ಕೇಳಿದರು: "ಇಷ್ಟು ಮೆತ್ತಗೆ ಹೇಗೆ ಬಂತು ಬಾಯೇ? ಹಿಟ್ಟು ಉಬ್ಬಿಸಲು ಊರಿನ ಕಳ್ಳು ಏನಾದರೂ ಸಿಕ್ಕಿತಾ?"

ಮೂಲೆಯಲ್ಲಿ ಕೆಂಪಗೆ ಬೆಂದು ನಿಂಬೆ ಶರಬತ್ತು ಹೀರುತ್ತಿದ್ದ ಬಾಡಿಗೆದಾರನ ಕಡೆ ಮೆಟಿಲ್ಡಾ ಸೌಟು ತೋರಿಸಿದರು.

"ಇಲ್ಲ. ಇವರನ್ನು ಜೊತೆಗೆ ಕೂರಿಸಿದ್ದೆ."