ಎಂಟು ಕವರಿನ ಬಾಗಿಲು

ಆ ಬಾಗಿಲನ್ನು ತರುವಾಗ ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆಯವರ ಮೊಣಕಾಲು ಸೋತು, ಬನಹಟ್ಟಿಯ ಮನೆಯ ಮೆಟ್ಟಿಲು ಹತ್ತಿಳಿಯುವುದು ಆಗದೆ, ಅವರು ಜಮಖಂಡಿಗೆ ನಮ್ಮ ಹತ್ತಿರ ಬಂದಾಗ ಅವರಿಗೊಂದು ಕೋಣೆ ಬೇಕಾಯಿತು. ನಮ್ಮದು ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ನಡುವೆ ಉದ್ದನೆಯ ಪಡಸಾಲೆ. ಪಡಸಾಲೆಗೆ ಅಡ್ಡ ಗೋಡೆ ಕಟ್ಟಿಸೋಣ ಎಂದೆ. ನನ್ನ ಗಂಡ ಮುಧೋಳದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಾಸ್ತರು. ಅಲ್ಲಿ ಜೊತೆಯ ಮಾಸ್ತರೊಬ್ಬರ ಹೊಸ ಮನೆಯಲ್ಲಿ ಮಡಿಚಿ ಸರಿಸುವ ಬಾಗಿಲೊಂದನ್ನು ನೋಡಿಕೊಂಡು ಬಂದರು.

"ಗ್ವಾಡಿ ಕಟ್ಟಿದ್ರ ಕಟ್ಟಿದ್ದ ಆತು. ಇದು ಬೇಕಾದಾಗ ಹಾಕೂದು, ಬ್ಯಾಡಾದಾಗ ಸರಸೂದು. ಮ್ಯಾಲ ಅರಬಿ ಕವರ್ ಇರ್ತಾವ. ಬಿಚ್ಚಿ, ಒಗದು, ಮತ್ತ ಹಾಕಬಹುದು."

"ಒಗಿಯಾವ್ರು ಯಾರ್ರಿ?"

"ಮಷಿನ್ ಐತೆಲ್ಲ."

ಮಷಿನ್ನಿಗೆ ಬಟ್ಟೆ ತುಂಬುವುದು, ತೆಗೆಯುವುದು, ಒಣಹಾಕುವುದು, ಮಡಿಚಿಡುವುದು ಇವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ಹಾಗಾಗಿ ಮಾತು ಅಲ್ಲಿಗೇ ಮುಗಿಯಿತು.

ಬಾಗಿಲು ಬಂತು. ಮೇಲೆ ಒಂದು ಹಳಿ, ಅದಕ್ಕೆ ತೂಗುಬಿದ್ದ ಎಂಟು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು, ಒಂದಕ್ಕೊಂದು ಬಿಜಾಗರಿ. ಪ್ರತಿ ಚೌಕಟ್ಟಿಗೂ ದಿಂಬಿಗೆ ತೊಡಿಸಿದಂತೆ ಒಂದು ಬಟ್ಟೆಯ ಕವರು, ಅಂಚಿನಲ್ಲಿ ಚರ್ ಎಂದು ಕೀಳುವ ಪಟ್ಟಿ. ಬಣ್ಣ ಕೆನೆಹಾಲಿನದು. ಕಬ್ಬು ಕಡಿದ ಹೊಲಗಳಲ್ಲಿ ಉಳಿದ ಒಣಗರಿಯ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಕಪ್ಪು ಮಸಿ ಹಾರಿಬಂದು ಅನ್ನದ ತಟ್ಟೆಯಲ್ಲೂ ಕೂರುವ ಊರಿನಲ್ಲಿ ಕೆನೆಹಾಲಿನ ಬಣ್ಣ! ಕೇಳಿದರೆ "ಬೆಳಕ ಛಲೋ ಬರ್ತೈತಿ" ಎಂದರು.

ಬಾಗಿಲೇನೋ ಬಂತು, ಆದರೆ ಅತ್ತೆಯವರು ಅದನ್ನು ಎಳೆದು ಮುಚ್ಚಲು ಬಿಡಲಿಲ್ಲ. ನಾನು ಕೋರ್ಟಿನ ನಕಲು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಯಾರ್‍ಯಾರದೋ ವ್ಯಾಜ್ಯದ ಹಾಳೆ ಎಣಿಸಿ ಮನೆಗೆ ಬಂದರೆ ಅವರ ಟಿವಿಯಲ್ಲಿ ಇನ್ನೊಂದು ಮನೆಯ ಅತ್ತೆ ಸೊಸೆಯರ ಜಗಳ ಜೋರಾಗಿ ನಡೆದಿರುತ್ತಿತ್ತು.

"ಅತ್ತಿ, ಬಾಗಲಾ ಹಾಕ್ಲೇನ್ರಿ?"

"ಬ್ಯಾಡ ಬಿಡವಾ. ಹಾಕಿದ್ರೇನು, ಬಿಟ್ರೇನು."

ನಾನು ಹಾಕುತ್ತಿದ್ದೆ, ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವರು ಕೋಲಿನ ತುದಿಯಿಂದ ಸರಿಸಿರುತ್ತಿದ್ದರು. ಸೀರೆ ಬದಲಿಸಲು ಮಾತ್ರ, ಆ ಕಾಲು ಎಳೆದುಕೊಂಡು, ಬಚ್ಚಲಿಗೇ ಹೋಗುತ್ತಿದ್ದರು. ಹಟ ಎಂದುಕೊಂಡೆ. ಗಂಡನ ಮುಂದೆ ಹಾಗೆಯೇ ಹೇಳಿಯೂ ಬಿಟ್ಟೆ.

ಚಳಿಗಾಲ ಮುಗಿಯುವಷ್ಟರಲ್ಲಿ ಕವರುಗಳು ಬೂದಿ ಬಣ್ಣಕ್ಕೆ ತಿರುಗಿದವು. ಒಂದು ಭಾನುವಾರ ನನ್ನ ಗಂಡ ತರಬೇತಿಯೆಂದು ಬೀಳಗಿಗೆ ಹೋದರು. ನಾನು ಸೆರಗು ಸಿಕ್ಕಿಸಿ ಎಂಟೂ ಕವರುಗಳನ್ನು ಚರ್ ಚರ್ ಎಂದು ಕಿತ್ತು ಮಷಿನ್ನಿಗೆ ಹಾಕಿದೆ. ಮಾಳಿಗೆಯ ಮೇಲೆ ಒಣಗಿಸಿ ತಂದೆ. ಹಾಕಲು ನಿಂತಾಗ ತಿಳಿಯಿತು: ಬಿಜಾಗರಿ ಬರುವ ಕಡೆ ಪ್ರತಿ ಕವರಿನ ಅಂಚನ್ನೂ ಕತ್ತರಿಸಿ ಸೀಳು ಬಿಟ್ಟಿದ್ದರು, ಮತ್ತು ಬಿಜಾಗರಿಗಳನ್ನು ಕೂಡಿಸಿದವನು ಅಳತೆಪಟ್ಟಿ ಮುಟ್ಟದೆ ಬರೀ ಕಣ್ಣಂದಾಜಿನಲ್ಲಿ ಕೂಡಿಸಿದ್ದ. ಒಂದು ಚೌಕಟ್ಟಿನ ಬಿಜಾಗರಿ ಮೇಲಿದ್ದರೆ ಪಕ್ಕದ್ದು ನಾಲ್ಕು ಬೆರಳು ಕೆಳಗೆ. ಅಂದರೆ ಒಂದು ಕವರು ಒಂದೇ ಚೌಕಟ್ಟಿಗೆ ಹೊಂದುತ್ತದೆ, ಅದೂ ಒಂದೇ ಮಗ್ಗುಲಿಗೆ. ಯಾವುದು ಯಾವುದಕ್ಕೆ? ಎಂಟೂ ಒಂದೇ ತಾಯಿಯ ಮಕ್ಕಳಂತೆ ನನ್ನ ಮುಂದೆ ಬಿದ್ದಿದ್ದವು.

ನನಗೆ ಬಾಗಿಲಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಪುಟಸಂಖ್ಯೆ ಇಲ್ಲದ ಒಂದು ಹಾಳೆ ಕಂಡರೆ ಇಡೀ ಕಡತವನ್ನು ವಾಪಸು ಕಳಿಸುವವಳು ನಾನು. ಎಂಟು ಕವರುಗಳಿಗೆ ಪೆನ್ನಿನಿಂದ ಒಂದು ಗುರುತು ಹಾಕಿಕೊಳ್ಳುವುದು ಹೊಳೆದಿರಲಿಲ್ಲ.

ಬಾಗಿಲು ಕೂಡಿಸಿದವನಿಗೆ ಫೋನು ಮಾಡಿದೆ.

"ಬಿಚ್ಚೂ ಮುಂದ ನಂಬರ್ ಹಾಕಿಲ್ಲೇನ್ರೀ ಅಕ್ಕಾರ?"

"ನಂಬರ್ ಹಾಕ್ರಿ ಅಂತ ನೀವೆಲ್ಲಿ ಹೇಳಿದ್ರಿ? ಕವರ್ ತಗದು ಒಗೀಬಹುದು ಅಂದಿದ್ರಿ."

"ತಗೀಬಹುದು ಅಂದಿದ್ದು ಖರೆ ಐತ್ರಿ. ಹಾಕಾಕ ನಮ್ಮನ್ನ ಕರೀಬೇಕ್ರಿ. ಈಗ ವಿಜಾಪುರದಾಗ ಕೆಲಸಾ ಹಿಡದೇನಿ. ಹದಿನೈದ ದಿವ್ಸ ತಡೀರಿ."

ಹದಿನೈದು ದಿನ! ನಾನೇ ಶುರುಮಾಡಿದೆ. ಒಂದೊಂದು ಕವರನ್ನೂ ಒಂದೊಂದು ಚೌಕಟ್ಟಿಗೆ ಹಿಡಿದು ನೋಡಿದೆ. ತಲೆಕೆಳಗು ಮಾಡಿದೆ, ಒಳಹೊರಗು ಮಾಡಿದೆ. ಸಂಜೆಯ ಹೊತ್ತಿಗೆ ಐದು ಕೂತವು. ಉಳಿದ ಮೂರು ಒಗೆತಕ್ಕೆ ಕುಗ್ಗಿದ್ದವು. ಹಲ್ಲು ಕಚ್ಚಿ ಎಳೆದೆ. ಒಂದು ಮೇಲಿನಿಂದ ಕೆಳಗಿನತನಕ ಪರ್ ಎಂದು ಹರಿಯಿತು.

ಅತ್ತೆಯವರು ಅಷ್ಟು ಹೊತ್ತೂ ಮಂಚದ ಮೇಲೆ ಕೂತು ನೋಡುತ್ತಿದ್ದರು. ಹರಿದ ಕವರನ್ನು ಕೇಳಿ ಇಸಿದುಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರು.

"ಇದಕ ಅರಬಿ ಅಂತಾರೇನ ಯವ್ವಾ? ಬರೇ ಗಂಜಿ. ಗಂಜಿ ಹೋತು, ಅರಬಿ ಹೋತು."

"ಇದನ್ನ ನಿಮ್ಮ ಮಗನ ಮುಂದ ಹೇಳ್ರಿ ಅತ್ತಿ!"

ಮಗ ಬಂದರು, ನೋಡಿದರು. "ಇರ್ಲಿ ಬಿಡು, ಹಂಗೂ ಅವ್ವ ಹಾಕಗೊಡೂದಿಲ್ಲ" ಎಂದು ಕೈತೊಳೆಯಲು ಹೋದರು.

ಮುಂದಿನ ವಾರವೆಲ್ಲ ಬಾಗಿಲು ಎಳೆದದ್ದು ಎಳೆದಂತೆಯೇ ಇತ್ತು, ಸರಿಸಿದರೆ ಕೂತ ಕವರುಗಳೂ ಕಿತ್ತುಬರುತ್ತಿದ್ದವು. ಐದು ಚೌಕಟ್ಟಿಗೆ ಬಟ್ಟೆ, ಮೂರು ಬರೀ ಎಲುಬು. ಪಕ್ಕದ ಮನೆಯಾಕೆ ಬಂದವಳು ಆ ಸಂದಿಯಲ್ಲೇ ಇಣುಕಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆಯವರನ್ನು ಮಾತಾಡಿಸಿದಳು. ಅತ್ತೆಯವರು ಅವಸರದಿಂದ ಸೀರೆ ಇಳಿಬಿಟ್ಟುಕೊಂಡರು. ಆಕೆ ಹೋದ ಮೇಲೆ ನನ್ನನ್ನು ಕರೆದರು.

"ನಾಳಿ ಐತವಾರ ಐತೆಲ್ಲ. ಬನಹಟ್ಟಿಗೆ ಹೋಗೂಣ. ಆ ಹರಕ ಕವರ್ ತಗೋ."

ಬನಹಟ್ಟಿಯಲ್ಲಿ ಅವರ ತಮ್ಮ ಇದ್ದಾರೆ. ಹಿಂದೆ ಕೈಮಗ್ಗವಿದ್ದ ಉದ್ದನೆಯ ಕೋಣೆಯಲ್ಲಿ ಈಗ ಅವರ ಪವರ್‌ಲೂಮುಗಳು. ಸದ್ದಿಗೆ ಮಾತೇ ಕೇಳುವುದಿಲ್ಲ. ಅಕ್ಕ ಬಂದದ್ದು ಕಂಡು ಅವರು ಮಗ್ಗ ನಿಲ್ಲಿಸಿದರು. ಹರಿದ ಕವರನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಆಮೇಲೆ ಹತ್ತಿಯ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ತೆಗೆದು ಹಾಕಿದರು. ನನಗೆ ತಿಳಿ ಹಳದಿಯದೊಂದು ಹಿಡಿಸಿತು. ಅತ್ತೆಯವರು ಅದನ್ನು ಕಿಟಕಿಗೆ ಹಿಡಿದು, ಹಿಂದೆ ಅಂಗೈ ಇಟ್ಟು ನೋಡಿದರು.

"ಇದು ಬ್ಯಾಡ. ಕೈ ಕಾಣತೈತಿ."

"ಕಂಡ್ರೇನಾತ್ರಿ ಅತ್ತಿ? ಬೆಳಕ ಬರ್ತೈತಿ."

"ನಿನಗ ಬೆಳಕ. ನಾ ಒಳಗ ದೀಪಾ ಹಚ್ಚಿ ಸೀರಿ ಉಟ್ರ ಹೊರಗ ಕುಂತಾವ್ರಿಗೆಲ್ಲಾ ನೆಳ್ಳ ಕಾಣತೈತಿ. ಬಾಗಲಾ ಬಂದ ದಿವ್ಸನ ನೋಡೇನಿ. ಮಗಾ ಹೊರಗ ಪೇಪರ್ ಓದಕೋತ ಕುಂತಿರ್ತಾನ. ಹೆಂಗ ಹೇಳ್ಲಿ?"

ಆ ಬೆಳಗಿದ ಕೆನೆ ಬಣ್ಣದ ಮೇಲೆ ಅವರ ನೆರಳು ಆಡುವುದನ್ನು ನಾನೂ ಕಂಡಿದ್ದೆ. ಅದರಿಂದ ಅವರಿಗೆ ಏನನ್ನಿಸುತ್ತದೆಂದು ಯೋಚಿಸಿರಲಿಲ್ಲ.

ಅತ್ತೆಯವರು ಆ ಉದ್ದನೆಯ ಕೋಣೆಯ ಮೂಲೆಯೊಂದನ್ನು ತೋರಿಸಿದರು. ಮದುವೆಗೆ ಮುಂಚೆ ಅವರು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದದ್ದು ಅಲ್ಲಿ, ಉಣ್ಣುತ್ತಿದ್ದದ್ದು ಅಲ್ಲಿ, ಮಲಗುತ್ತಿದ್ದದ್ದೂ ಅಲ್ಲೇ. ಗಂಡನ ಮನೆಯೂ ಅದೇ ಓಣಿಯ ಇನ್ನೊಂದು ಮಗ್ಗದ ಮನೆ. ಸೀರೆ ಉಡಬೇಕಾದರೆ ಅವರ ಅತ್ತೆ ಧೋತರ ಅಡ್ಡ ಹಿಡಿದು ನಿಲ್ಲುತ್ತಿದ್ದರಂತೆ. "ಖೋಲಿ ಅಂತ ನಂದು ಜಮಖಂಡೀದ ಮೊದಲನೇದು. ಅದಕ ಬಾಗಲಾ ಛಂದಗೆ ಇರ್ಲಿ" ಎಂದು, ಕಡುನೀಲಿಯ ದಪ್ಪ ಬಟ್ಟೆಯೊಂದನ್ನು ಮುಂದಕ್ಕೆ ಸರಿಸಿದರು.

ಕಡುನೀಲಿ! ಹಗಲಲ್ಲೂ ಪಡಸಾಲೆ ಕತ್ತಲಾಗುತ್ತದೆ ಎಂದು ನಾನು ಗೋಗರೆದೆ. ಅವರ ತಮ್ಮ ಆಗಲೇ ಅಳೆಯತೊಡಗಿದ್ದರು.

ಬಟ್ಟೆಯನ್ನು ಎರಡು ಸಲ ನೀರಲ್ಲಿ ನೆನೆಸಿ ಒಣಗಿಸುವತನಕ ಕತ್ತರಿ ಮುಟ್ಟಬಾರದೆಂದು ಅತ್ತೆಯವರ ಅಪ್ಪಣೆಯಾಯಿತು. ಟೇಲರನನ್ನು ಮನೆಗೇ ಕರೆಸಿ ಪ್ರತಿ ಚೌಕಟ್ಟಿನ ಬಿಜಾಗರಿಯನ್ನೂ ಅಳತೆ ಮಾಡಿಸಿದರು. ಹೊಲಿದು ಬಂದ ಕವರುಗಳ ಒಳ ಅಂಚಿನಲ್ಲಿ ಕೆಂಪು ದಾರದಿಂದ ತಾವೇ ಗುರುತು ಹಾಕಿದರು. ಮೊದಲನೆಯದಕ್ಕೆ ಒಂದು ಹೊಲಿಗೆ, ಎರಡನೆಯದಕ್ಕೆ ಎರಡು, ಹೀಗೆ ಎಂಟರತನಕ. ಅವರು ಸಾಲೆಗೆ ಹೋದವರಲ್ಲ. ನಾನು ಪೆನ್ನು ಹಿಡಿದು ನಿಂತಿದ್ದೆ, ಯಾರೂ ಕೇಳಲಿಲ್ಲ.

ಅಲ್ಲಿಂದ ನನ್ನ ಹೊಸ ಕಷ್ಟ ಶುರುವಾಯಿತು. ಅತ್ತೆಯವರು ಬಾಗಿಲು ಹಾಕಲು ಕಲಿತರು. ಊಟವಾದ ಮೇಲೆ ಹಾಕಿದರೆ ಸಂಜೆಯಾದರೂ ತೆಗೆಯುವುದಿಲ್ಲ. ಪಡಸಾಲೆಯ ದೊಡ್ಡ ಕಿಟಕಿ ಅವರ ಕಡೆ ಇದೆ, ನಮ್ಮ ಕಡೆ ಹಗಲೂ ಲೈಟು ಹಚ್ಚಬೇಕು. ನನ್ನ ಸೀರೆಯ ಕಪಾಟೂ ಅವರ ಕಡೆಯೇ. ಮುಂಜಾನೆ ಕೋರ್ಟಿನ ಗಡಿಬಿಡಿಯಲ್ಲಿ ಹೊರಗೆ ನಿಂತು ಬಾಗಿಲು ಬಡಿಯೋಣವೆಂದರೆ ಬಟ್ಟೆ ಬಡಿದರೆ ಸದ್ದೆಲ್ಲಿ ಬರುತ್ತದೆ?

"ಅತ್ತೀ, ಸೀರಿ ಬೇಕಾಗೇತ್ರಿ!"

"ಯಾವುದು ಹೇಳು, ಕೊಡ್ತೀನಿ."

ನಾನು ಹಸಿರು ಹೇಳಿದರೆ ಸಂದಿಯಿಂದ ಒಂದು ಕೈ ಹೊರಬಂದು ತಮಗೆ ಇಷ್ಟವಾದ ಮಾವಿನ ಬಣ್ಣದ್ದನ್ನು ಕೊಡುತ್ತಿತ್ತು. ಅದನ್ನೇ ಉಟ್ಟು ಹೋಗುತ್ತಿದ್ದೆ. ಗಂಡನಿಗೆ ಹೇಳಿದರೆ "ನೀನ ಹಾಕಬೇಕಂತಿದ್ದಿ" ಎಂದರು. ಅವರ ಅಂಗಿಗಳು ಮಲಗುವ ಕೋಣೆಯಲ್ಲಿದ್ದವು, ಅವರಿಗೇನು?

ಒಂದು ಶನಿವಾರ ಆಫೀಸಿನಲ್ಲಿ ನನ್ನದಲ್ಲದ ತಪ್ಪಿಗೆ ಎಲ್ಲರೆದುರು ಬೈಸಿಕೊಂಡು ಮನೆಗೆ ಬಂದೆ. ಚೀಲ ಕುರ್ಚಿಯ ಮೇಲೆ ಎಸೆದೆ. ನೀರು ಕುಡಿಯುವಾಗ ಲೋಟ ಕೈಜಾರಿ ಬಿತ್ತು. ನೀಲಿ ಬಾಗಿಲಿನ ಒಂದು ಮಡಿಕೆ ಸರಿಯಿತು. ಅತ್ತೆಯವರು ನನ್ನ ಮುಖ ನೋಡಿದರು.

"ಒಳಗ ಬಾ. ಹಂಗ ಅದನ್ನ ಎಳಕೊಂಡ ಬಾ."

ಒಳಗೆ ಹೋಗಿ ಬಾಗಿಲೆಳೆದೆ. ಅವರು ಮಂಚದಲ್ಲಿ ಸರಿದು ಜಾಗ ಮಾಡಿದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ ಅತ್ತುಬಿಟ್ಟೆ. ಅವರು ಟಿವಿಯ ಸದ್ದನ್ನು ಸ್ವಲ್ಪ ಏರಿಸಿ, ಅದರ ಕಡೆಗೇ ನೋಡುತ್ತ ಕೂತರು. ನನ್ನ ಅಳು ನನಗೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಮುಂಬಾಗಿಲ ಸದ್ದಾಯಿತು. ನನ್ನ ಗಂಡ ಬಂದು ಅಡುಗೆಮನೆ, ಮಾಳಿಗೆ ಎಲ್ಲ ಹುಡುಕಿ, ನೀಲಿ ಬಟ್ಟೆಯ ಹೊರಗೆ ನಿಂತರು.

"ಯವ್ವಾ, ಅಕಿ ಎಲ್ಲಿ ಹೋಗ್ಯಾಳ ಬೇ? ಚಾ ಬೇಕಾಗಿತ್ತು."

"ಇಲ್ಲೇ ಅದಾಳ. ಚಾ ನೀನ ಮಾಡ್ಕೋ."

"ಸಕ್ರಿ ಡಬ್ಬಿ ಎಲ್ಲೈತಿ?"

ನಾನು ಏಳಹೊರಟೆ. ಅತ್ತೆಯವರು ನನ್ನ ತೋಳಿನ ಮೇಲೆ ಕೈಯಿಟ್ಟು ಒತ್ತಿದರು.

"ಹುಡಕು, ಸಿಗತೈತಿ. ನಮಗೂ ಎರಡ ಕಪ್ ಮಾಡು. ನಂದಕ ಸಕ್ರಿ ಕಮ್ಮಿ."