ಕೊಕ್ಕೆಗೆ ನೇತಾಡಿದ ಬ್ಯಾಡ್ಜ್

ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರ ಎದೆಯ ಮೇಲೆ ಒಂದು ಪುಟ್ಟ ಬ್ಯಾಡ್ಜ್ ಇರುತ್ತದೆ. ಮೈಗೆ ಎಷ್ಟು ವಿಕಿರಣ ತಾಗಿತು ಎಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಓದಿಸಬೇಕು. ಅರ್ಹ ಟೆಕ್ನಿಷಿಯನ್ ಮತ್ತು ಅವರದೊಂದು ಬ್ಯಾಡ್ಜ್, ಇವೆರಡೂ ಇದ್ದರೇನೇ ಯಂತ್ರಕ್ಕೆ ಲೈಸೆನ್ಸ್.

ನಾನೂ ಆ ಬ್ಯಾಡ್ಜ್ ಹಾಕಿಕೊಂಡೇ ಮೇಲೆ ಬಂದವಳು. ಯಶವಂತಪುರದ ನರ್ಸಿಂಗ್ ಹೋಮ್‌ಗಳಲ್ಲಿ ವರ್ಷಗಟ್ಟಲೆ ದುಡಿದು, ಚೌಕಾಸಿ ಮಾಡಿ ಒಂದು ಹಳೆಯ ಯಂತ್ರ ಕೊಂಡು, ಜಾಲಹಳ್ಳಿ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಸ್ವಂತ ಎಕ್ಸ್‌ರೇ ಸೆಂಟರ್ ತೆರೆದೆ. ಆಮೇಲೆ ನನ್ನ ಹೊತ್ತೆಲ್ಲ ಕೌಂಟರ್‌ನಲ್ಲೇ. ಒಳಗಿನ ಕೆಲಸಕ್ಕೆ ಟೆಕ್ನಿಷಿಯನ್ ಒಬ್ಬಳನ್ನು ಇಟ್ಟುಕೊಂಡೆ. ಕೈ ಚುರುಕು, ಮಾತು ಮೃದು. ಡಿಪ್ಲೊಮಾ, ಕೌನ್ಸಿಲ್ ನೋಂದಣಿ ಎಲ್ಲವೂ ಸರಿಯಾಗಿದ್ದವು.

ಹೋದ ವರ್ಷ ಪ್ರಯೋಗಾಲಯದಿಂದ ಒಂದು ಮೇಲ್ ಬಂತು. ಅವಳ ಬ್ಯಾಡ್ಜಿನಲ್ಲಿ ವಿಕಿರಣ ಮಿತಿ ಮೀರಿದೆ, ತನಿಖೆ ಮುಗಿಯುವವರೆಗೆ ಯಂತ್ರದ ಹತ್ತಿರ ಬಿಡಬೇಡಿ, ರಕ್ತಪರೀಕ್ಷೆಗೆ ಕಳಿಸಿ ಎಂದು. ನಾನು ಲೈಸೆನ್ಸಿನ ಚಿಂತೆಯಲ್ಲಿದ್ದರೆ ಅವಳು ಕೇಳಿದ್ದೇ ಬೇರೆ.

“ಅಕ್ಕಾ, ಮುಂದಿನ ವಾರ ನಂಗೆ ಇಂಜೆಕ್ಷನ್ ಶುರು ಅಲ್ವಾ?”

ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಿರಲಿಲ್ಲ. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಇನ್ನೇನು ಶುರುವಾಗಬೇಕಿತ್ತು. ಅಲ್ಲಿಯ ಡಾಕ್ಟರು ವಿಷಯ ಕೇಳಿ, ರಕ್ತದ ರಿಪೋರ್ಟ್ ಬರುವವರೆಗೆ ಏನೂ ಬೇಡ ಎಂದುಬಿಟ್ಟರು.

ಸಂಜೆ ಅವಳ ಗಂಡ ಜಾಲಹಳ್ಳಿಯ ಕಾರ್ಖಾನೆಯಿಂದ ಯೂನಿಫಾರ್ಮಿನಲ್ಲೇ ಬಂದ.

“ಮೇಡಂ, ಈ ಕೆಲಸ ಸಾಕು. ಅವಳನ್ನ ಕಳಿಸ್ಬಿಡಿ.”

“ಕಳಿಸೋಣ ಕಣಪ್ಪ. ಆದ್ರೆ ಮೈಗೇ ತಾಗಿದೆ ಅಂತ ಯಾರ್ ಹೇಳಿದ್ರು? ಬ್ಯಾಡ್ಜ್‌ಗೆ ತಾಗಿದೆ, ಅಷ್ಟೇ ಗೊತ್ತಿರೋದು.”

“ಬ್ಯಾಡ್ಜ್ ಇವಳ ಮೈಮೇಲೇ ಇರುತ್ತಲ್ವಾ?”

“ಅದನ್ನೇ ನೋಡ್ಬೇಕು. ರಿಪೋರ್ಟ್ ಬರೋವರೆಗೂ ಟೈಮ್ ಕೊಡಿ. ಅಲ್ಲೀವರೆಗೆ ಕೌಂಟರ್‌ನಲ್ಲಿ ಕೂತ್ಕೊಳ್ಲಿ, ಸಂಬಳ ಪೂರ್ತಿ ಕೊಡ್ತೀನಿ.”

“ರಿಪೋರ್ಟ್ ಕೆಟ್ಟದಾಗಿ ಬಂದ್ರೆ?”



ಮರುದಿನ ಬೆಳಿಗ್ಗೆ, ಯಂತ್ರದ ಸ್ವಿಚ್ ಹಾಕುವ ಮೊದಲು, ಅವಳನ್ನು ಒಳಗೆ ಕರೆದೆ. “ನಾನೀಗ ನಿಲ್ಲೋಕಾಗದ ಅಜ್ಜಿ ಅಂದ್ಕೋ. ದಿನಾ ಹೆಂಗ್ ಮಾಡ್ತೀಯೋ ಹಂಗೇ ಮಾಡು” ಎಂದು ಎದೆಯ ಎಕ್ಸ್‌ರೇ ತೆಗೆಯುವ ಸ್ಟ್ಯಾಂಡಿಗೆ ಒರಗಿದೆ. ನನ್ನನ್ನು ಹಿಡಿದುಕೊಳ್ಳಬೇಕಲ್ಲ, ಅವಳು ಸ್ಟ್ಯಾಂಡಿನ ಪಕ್ಕದ ಗೋಡೆಯ ಕೊಕ್ಕೆಯಿಂದ ವಿಕಿರಣ ತಡೆಯುವ ಸೀಸದ ಏಪ್ರನ್ ತೆಗೆದು ತೊಟ್ಟಳು. ಈ ಸಲದ ಬ್ಯಾಡ್ಜೂ ಆ ಏಪ್ರನ್ನಿನ ಹೊರಮೈಗೇ ಸಿಕ್ಕಿಸಿತ್ತು!

“ಇದ್ಯಾಕೆ ಇಲ್ಲಿದೆ? ಏಪ್ರನ್ ಒಳಗೆ ಬಟ್ಟೆ ಮೇಲೆ ಇರ್ಬೇಕಲ್ವಾ?”

“ಇಲ್ಲಿದ್ರೆ ಮರೆಯಲ್ಲ ಅಕ್ಕಾ. ಚೂಡಿದಾರಕ್ಕೆ ಸಿಕ್ಕಿಸ್ಕೊಂಡ್ರೆ ಮನೆಗೆ ಬಂದ್ಬಿಡುತ್ತೆ. ಹಳೇ ಕೆಲಸದಲ್ಲಿ ಒಂದ್ಸಲ ವಾಷಿಂಗ್ ಮಷೀನ್‌ಗೂ ಹೋಗಿತ್ತು.”

“ಅಯ್ಯೋ ಮಹಾತಾಯಿ! ತಾವೇ ನಿಲ್ಲೋರು ಬಂದಾಗ ಏಪ್ರನ್ ಬಿಚ್ಚಿಟ್ಟು, ಗೋಡೆ ಹಿಂದೆ ನಿಂತು ಬಟನ್ ಒತ್ತುತೀಯಲ್ಲ, ಆಗ ಬ್ಯಾಡ್ಜ್ ಎಲ್ಲಿರುತ್ತೆ?”

ಅವಳು ಕೊಕ್ಕೆಯನ್ನು ನೋಡಿದಳು, ಸ್ಟ್ಯಾಂಡನ್ನು ನೋಡಿದಳು.

“ಹಂಗಾದ್ರೆ ತಾಗಿರೋದು ನಂಗಲ್ವಾ?”

“ಕೊಕ್ಕೆಗೆ ನೇತಾಡೋ ಏಪ್ರನ್ನಿಗೆ ಕಣೇ. ಅದಕ್ಕೇನೂ ಮಕ್ಕಳು ಬೇಕಾಗಿಲ್ಲ.”

ಅಳುತ್ತಲೇ ನಕ್ಕುಬಿಟ್ಟಳು. ನಡೆದದ್ದನ್ನೆಲ್ಲ ನಡೆದ ಹಾಗೆಯೇ ತನಿಖೆಯವರಿಗೆ ಬರೆದು ಕಳಿಸಿದೆವು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಮಾತು ಇಷ್ಟೇ: ತನಿಖೆಯವರ ಹತ್ತಿರ ಚೌಕಾಸಿ ಬೇಡ, ಪೆದ್ದುತನವಾದರೂ ಒಪ್ಪಿಕೊಳ್ಳಿ. ಇನ್ನೊಂದು, ಸರ್ಟಿಫಿಕೇಟು ಎಷ್ಟೇ ಗಟ್ಟಿಯಾಗಿರಲಿ, ಬ್ಯಾಡ್ಜ್ ಮೈಮೇಲಿಲ್ಲದಿದ್ದರೆ ನಿಮ್ಮ ಮೈಯ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇಲ್ಲ.

ಆದರೂ ನಮ್ಮ ಊಹೆ ಊಹೆಯೇ. ರಕ್ತ ಏನು ಹೇಳುತ್ತದೋ ಎಂದು ವಾರಗಟ್ಟಲೆ ಕಾದೆವು. ಒಳಗಿನ ಕೆಲಸ ನನ್ನ ಪಾಲಿಗೆ ಬಂದು ಮಂಡಿ ಹಿಡಿದುಕೊಂಡಿತು. ಗಂಡ ಊಟದ ಹೊತ್ತಿಗೆ ದಿನವೂ ಫೋನ್ ಮಾಡುತ್ತಿದ್ದ. ಅವಳು “ಇನ್ನೂ ಇಲ್ಲ ರೀ” ಎಂದು ಇಟ್ಟುಬಿಡುತ್ತಿದ್ದಳು.

ಕೊನೆಗೆ ರಿಪೋರ್ಟ್ ಬಂತು. ರಕ್ತದಲ್ಲಿ ಯಾವ ಕೆಡುಕಿನ ಗುರುತೂ ಇಲ್ಲ, ವಿಕಿರಣ ತಾಗಿದ್ದು ಬ್ಯಾಡ್ಜಿಗೆ ಮಾತ್ರ, ಅವಳು ಕೆಲಸಕ್ಕೆ ಮರಳಬಹುದು ಎಂದಿತ್ತು. ಅವಳು ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿದಳು. ಆಮೇಲೆ ನನ್ನ ಕೈಯಿಂದ ಕೆಲಸ ಕಿತ್ತುಕೊಂಡು, ಬ್ಯಾಡ್ಜನ್ನು ಚೂಡಿದಾರಕ್ಕೆ ಸಿಕ್ಕಿಸಿಕೊಂಡು, ಕಾಯುತ್ತಿದ್ದವರನ್ನೆಲ್ಲ ಮುಗಿಸಿದಳು.

“ಅಕ್ಕಾ, ಡಾಕ್ಟ್ರು ಇವತ್ತೇ ಬನ್ನಿ ಅಂದ್ರು. ಅರ್ಧ ದಿನ ರಜಾ...”

“ಹೋಗು ಹೋಗು, ನಾಳೇನೂ ತಗೋ.”

ಹೊರಗೆ ಗಂಡ ಬೈಕಿನ ಹಾರ್ನ್ ಹೊಡೆಯುತ್ತಿದ್ದ. ಅವಳು ಮೆಟ್ಟಿಲು ಇಳಿದು ಓಡಿದಳು. ನಾನು ಬಾಗಿಲಿಂದಲೇ ಕೂಗಿದೆ:

“ಲೇ, ಬ್ಯಾಡ್ಜ್ ಬಿಚ್ಚಿಟ್ಟು ಹೋಗೇ!”